ಲಂಡನ್ನಿನಿಂದಾಚೆಗೆ ನಾಲ್ಕು ದಿನ

ಇಂಗ್ಲೆಂಡಿಗೆ ಹೋಗಿ ಬಂದವರನ್ನು ಏನೇನು ನೋಡಿದಿರೆಂದು ಕೇಳಿ ನೋಡಿ. ಥೇಮ್ಸ್ ನದಿ, ಅದರ ಮೇಲಿನ ಸೇತುವೆ, ಅರಮನೆಯ ಪಹರೆಯವರ ಕೆಂಪು ಅಂಗಿ, ಮೇಣದ ಬೊಂಬೆಗಳು - ಇಷ್ಟನ್ನು ಹೇಳಿ ಮುಗಿಸುತ್ತಾರೆ. ನೋಡಬಾರದ್ದನ್ನು ನೋಡಿದರೆಂದು ನಾನು ಹೇಳುವುದಿಲ್ಲ. ಆದರೆ ಲಂಡನ್ನನ್ನು ಕಂಡು ಇಂಗ್ಲೆಂಡನ್ನೇ ಕಂಡೆವೆಂದರೆ, ಅದು ಗೋಪುರಕ್ಕೆ ಕೈಮುಗಿದು ಗರ್ಭಗುಡಿಗೆ ಹೋಗದೆ ಹಿಂದಿರುಗಿದಂತೆಯೇ ಸರಿ. ಆ ದೇಶಕ್ಕೆ ಐಶ್ವರ್ಯವನ್ನೂ ಬಲವನ್ನೂ ತಂದುಕೊಟ್ಟ ನೂಲಿನ ಗಿರಣಿ, ಉಗಿಬಂಡಿ, ಹಡಗುಕಟ್ಟೆ ಇವೆಲ್ಲ ಬೆಳೆದದ್ದು ಉತ್ತರದ ಊರುಗಳಲ್ಲಿ. ಆ ಊರುಗಳಿಗೂ ನಮಗೂ ಒಂದು ಹಳೆಯ ನಂಟು ಉಂಟು. ಅದು ಅಷ್ಟೇನೂ ಸಿಹಿಯಾದ ನಂಟಲ್ಲ. ಆದುದರಿಂದಲೇ ಹೋಗಿ ನೋಡತಕ್ಕದ್ದು.

ಈಗ ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳ ಮಕ್ಕಳು ಓದಿಗೋ ಉದ್ಯೋಗಕ್ಕೋ ಆ ದೇಶದಲ್ಲಿದ್ದಾರೆ. ಮಗಳ ಬಾಣಂತನಕ್ಕೆ ತಾಯಿ ಹೋಗುತ್ತಾರೆ, ಮಗನ ಪದವಿಪ್ರದಾನಕ್ಕೆ ತಂದೆ ಹೋಗುತ್ತಾರೆ. ಅಲ್ಲಿ ನಾಲ್ಕು ದಿನ ಬಿಡುವು ದೊರೆತರೆ, "ಮತ್ತೊಮ್ಮೆ ಲಂಡನ್ನಿಗೇ ಹೋಗೋಣವೇ, ಬೇರೆ ಕಡೆಗೆ ಹೋಗೋಣವೇ?" ಎಂಬ ಪ್ರಶ್ನೆ ಬರುತ್ತದೆ. ಮತ್ತೊಂದು ಸಲ ಅಷ್ಟು ದೂರ ಹೋಗುವ ಯೋಗ ಎಲ್ಲರಿಗೂ ಬರುವುದಿಲ್ಲ. ಮಂಡಿಯ ಬಲವೂ ವರ್ಷ ವರ್ಷಕ್ಕೆ ಹೆಚ್ಚುವುದಿಲ್ಲ. ಅಂಥವರಿಗಾಗಿ ಈ ಮಾತು. ನನ್ನ ಸಲಹೆ ಇದು: ಮ್ಯಾಂಚೆಸ್ಟರಿನಲ್ಲಿ ಎರಡು ದಿನ, ಅಲ್ಲಿಂದಲೇ ಹೋಗಿ ಬರುವಂತೆ ಲಿವರ್‌ಪೂಲಿಗೆ ಒಂದು ದಿನ, ಕೊನೆಗೆ ಯಾರ್ಕಿನಲ್ಲಿ ಒಂದು ದಿನ, ಒಂದು ರಾತ್ರಿ.

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಮ್ಯಾಂಚೆಸ್ಟರಿಗೆ ರೈಲಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಕಾಲ ಸಾಕು. ಟಿಕೆಟನ್ನು ಹೊರಡುವ ದಿನ ನಿಲ್ದಾಣದಲ್ಲಿ ಕೊಂಡರೆ ಬೆಲೆ ಕೇಳಿ ಎದೆ ಧಸಕ್ಕೆನ್ನುತ್ತದೆ. ಕೆಲವು ವಾರ ಮೊದಲೇ ಕಾದಿರಿಸಿದರೆ, ಬೆಳಗಿನ ನೂಕುನುಗ್ಗಲಿನ ಹೊತ್ತನ್ನು ಬಿಟ್ಟು ಹೊರಟರೆ, ಅದೇ ಪ್ರಯಾಣ ಬಹಳ ಅಗ್ಗ. ಅರುವತ್ತು ದಾಟಿದವರಿಗೆ ಅಲ್ಲಿ ಹಿರಿಯರ ರೈಲು ಕಾರ್ಡು ಎಂಬುದೊಂದುಂಟು; ಅದಕ್ಕೆ ಆ ದೇಶದ ಪ್ರಜೆಯೇ ಆಗಿರಬೇಕೆಂಬ ನಿಯಮವಿಲ್ಲ. ಅದನ್ನು ಕೊಂಡರೆ ಬಹುಪಾಲು ಟಿಕೆಟುಗಳ ಮೇಲೆ ಮೂರರಲ್ಲೊಂದು ಪಾಲು ಉಳಿಯುತ್ತದೆ. ಗಂಡ ಹೆಂಡಿರಿಬ್ಬರೂ ಕೊಂಡರೆ ಎರಡು ಪ್ರಯಾಣದಲ್ಲಿ ಅದರ ಬೆಲೆ ಹುಟ್ಟಿಬಿಡುತ್ತದೆ.

ಮ್ಯಾಂಚೆಸ್ಟರೆಂದರೆ ನಮ್ಮವರಿಗೆ ಹೊಸ ಹೆಸರಲ್ಲ. ಹತ್ತಿಯ ಗಿರಣಿಗಳಿದ್ದ ಕಾಲದಲ್ಲಿ ದಾವಣಗೆರೆಯನ್ನು "ಕರ್ನಾಟಕದ ಮ್ಯಾಂಚೆಸ್ಟರ್" ಎಂದು ಕರೆಯುತ್ತಿದ್ದುದು ಹಿರಿಯರಿಗೆ ನೆನಪಿದೆ. ಆದರೆ ನಂಟು ಹೆಸರಿಗಿಂತ ಹಳೆಯದು. ೧೮೪೦ರ ದಶಕದಲ್ಲಿ ಕಂಪೆನಿ ಸರ್ಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ತರಿಸಿ ನಮ್ಮ ಧಾರವಾಡ ಸೀಮೆಯ ಎರೆ ಹೊಲಗಳಲ್ಲಿ ಬಿತ್ತಿಸಿತು. ಬೇರೆ ಎಷ್ಟೋ ಕಡೆ ಒಣಗಿಹೋದ ಆ ಬೀಜ ಧಾರವಾಡದ ಮಣ್ಣಿಗೆ ಒಗ್ಗಿತು. "ಧಾರವಾಡ ಅಮೆರಿಕನ್" ಎಂಬ ಹೆಸರಿನಿಂದ ಪೇಟೆಯಲ್ಲಿ ಪ್ರಸಿದ್ಧವಾಯಿತು. ಇದನ್ನು ಬಿತ್ತಿಸಿದ್ದು ನಮ್ಮ ರೈತನ ಮೇಲಿನ ಕರುಣೆಯಿಂದಲ್ಲ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು; ಅಮೆರಿಕವೊಂದನ್ನೇ ನೆಚ್ಚಿಕೊಂಡಿರಲು ಅಲ್ಲಿನ ವರ್ತಕರಿಗೆ ಅಂಜಿಕೆಯಾಗಿತ್ತು.

ಅಂಜಿಕೆ ನಿಜವೇ ಆಯಿತು. ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿ, ದಕ್ಷಿಣದ ಬಂದರುಗಳಿಗೆ ತಡೆ ಬಿದ್ದಾಗ ಮ್ಯಾಂಚೆಸ್ಟರಿನ ಸುತ್ತಲ ಲ್ಯಾಂಕಷೈರ್ ಪ್ರಾಂತವೆಲ್ಲ ಅರಳೆಯಿಲ್ಲದೆ ಸ್ತಬ್ಧವಾಯಿತು. ಲಕ್ಷಾಂತರ ಕೂಲಿಕಾರರು ಕೆಲಸ ಕಳೆದುಕೊಂಡು ಧರ್ಮದ ಗಂಜಿಗೆ ಕೈಯೊಡ್ಡಿದರು. ಇದನ್ನು ಅಲ್ಲಿಯವರು "ಹತ್ತಿಯ ಕ್ಷಾಮ" ಎನ್ನುತ್ತಾರೆ. ಅದೇ ವರ್ಷಗಳಲ್ಲಿ ನಮ್ಮ ಕಡೆ ಹತ್ತಿಯ ಬೆಲೆ ಆಕಾಶಕ್ಕೇರಿತು. ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಹಡಗು ಹತ್ತಿಸಲು ಕಾರವಾರದಲ್ಲಿ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಪಟ್ಟುಹಿಡಿದರು. ಉತ್ತರ ಕನ್ನಡ ಜಿಲ್ಲೆ ೧೮೬೨ರಲ್ಲಿ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಒತ್ತಡವೂ ಇತ್ತು. ಎಲ್ಲಿಯ ಅಮೆರಿಕದ ಯುದ್ಧ, ಎಲ್ಲಿಯ ಕಾರವಾರದ ಕಚೇರಿಯ ಕಾಗದಪತ್ರ! ೧೮೬೫ರಲ್ಲಿ ಯುದ್ಧ ನಿಂತಿತು, ಬೆಲೆಯೂ ಕುಸಿಯಿತು, ಸಾಲ ಮಾಡಿ ಬಿತ್ತಿದವನ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಊರೊಳಗೆ ಹೆಜ್ಜೆಯಿಡಿ. ನಗರದ ನಡುವೆ ರಾಯಲ್ ಎಕ್ಸ್‌ಚೇಂಜ್ ಎಂಬ ಭಾರಿ ಕಟ್ಟಡವಿದೆ. ಸಾವಿರಾರು ವರ್ತಕರು ಒಂದೇ ಹಜಾರದಲ್ಲಿ ನಿಂತು ಜಗತ್ತಿನ ಅರಳೆ, ನೂಲು, ಬಟ್ಟೆಗಳ ವ್ಯಾಪಾರವನ್ನು ಕುದುರಿಸುತ್ತಿದ್ದ ಸ್ಥಳ ಅದು. ೧೯೬೮ರಲ್ಲಿ ವ್ಯಾಪಾರ ನಿಂತಿತು. ೧೯೭೬ರಿಂದ ಆ ಹಜಾರದ ನಡುವೆಯೇ ಒಂದು ನಾಟಕಶಾಲೆಯನ್ನು ಕಟ್ಟಿ ನಿಲ್ಲಿಸಿದ್ದಾರೆ. ಆದರೆ ತಲೆಯೆತ್ತಿ ಗೋಡೆಯ ಮೇಲ್ಭಾಗವನ್ನು ನೋಡಿ: ಕೊನೆಯ ದಿನದ ಹತ್ತಿಯ ಧಾರಣೆಯ ಅಂಕಿಗಳು ಹಲಗೆಯ ಮೇಲೆ ಹಾಗೆಯೇ ಉಳಿದಿವೆ. ಯಾರೂ ಅಳಿಸಿಲ್ಲ. ನಮ್ಮ ಹೊಲದ ಬೆಲೆಯನ್ನು ನಿರ್ಣಯಿಸುತ್ತಿದ್ದ ಹಲಗೆಯ ಕೆಳಗೆ ನಿಂತು ನಾಟಕದ ಟಿಕೆಟ್ಟಿಗೆ ಕಾಯುವ ಜನರನ್ನು ಕಂಡಾಗ ನನಗೆ ಊರೆಲ್ಲ ಅಲೆದುದಕ್ಕಿಂತ ಹೆಚ್ಚು ತಿಳಿದಂತಾಯಿತು.

ಅಲ್ಲಿಂದ ಹತ್ತು ನಿಮಿಷದ ನಡಿಗೆಯಲ್ಲಿ ಡೀನ್ಸ್‌ಗೇಟ್ ಬೀದಿಯಲ್ಲಿ ಜಾನ್ ರೈಲಂಡ್ಸ್ ಗ್ರಂಥಾಲಯವಿದೆ. ಹೊರಗಿನಿಂದ ನೋಡಿದರೆ ಇಗರ್ಜಿಯೆಂದೇ ಭ್ರಮೆಯಾಗುತ್ತದೆ. ರೈಲಂಡ್ಸ್ ಹತ್ತಿಬಟ್ಟೆಯ ವ್ಯಾಪಾರದಲ್ಲಿ ಅಪಾರ ಹಣ ಗಳಿಸಿ ೧೮೮೮ರಲ್ಲಿ ತೀರಿಕೊಂಡ. ಅವನ ಹೆಂಡತಿ ಎನ್ರಿಕೆಟಾ ಗಂಡನ ನೆನಪಿಗೆ ಸಮಾಧಿಯನ್ನು ಸಿಂಗರಿಸುವುದರ ಬದಲು ಪುಸ್ತಕಗಳಿಗೆ ಮಂದಿರವನ್ನು ಕಟ್ಟಿಸಿದಳು. ಅದು ೧೯೦೦ನೆಯ ಇಸವಿ ಜನವರಿ ೧ರಂದು ಸಾರ್ವಜನಿಕರಿಗೆ ತೆರೆಯಿತು. ಹೊಗೆಯ ಆ ಊರಿನಲ್ಲಿ ಪುಸ್ತಕಗಳಿಗೆ ಮಸಿ ಹತ್ತಬಾರದೆಂದು ಅನಿಲದ ದೀಪವನ್ನು ಬಿಟ್ಟು, ಆಗಿನ್ನೂ ಹೊಸದಾಗಿದ್ದ ವಿದ್ಯುದ್ದೀಪವನ್ನೇ ಹಾಕಿಸಿದಳೆಂದರೆ ಆಕೆಯ ವಿವೇಕವನ್ನು ಊಹಿಸಿ. ಗುಟೆನ್‌ಬರ್ಗ್ ಮುದ್ರಿಸಿದ ಬೈಬಲ್ಲೂ, ಯೋಹಾನನ ಸುವಾರ್ತೆಯ ಅತ್ಯಂತ ಹಳೆಯದೆಂದು ಎಣಿಸಲ್ಪಟ್ಟಿರುವ ಪಪೈರಸ್ ತುಣುಕೂ ಅಲ್ಲಿವೆ. ತುಣುಕು ಅಂಗೈಯಗಲವೂ ಇಲ್ಲ. ತಾಳೆಗರಿಯ ಚೂರುಗಳನ್ನು ಜೋಡಿಸಿ ಪಾಠ ನಿರ್ಣಯಿಸುವ ಕಷ್ಟವನ್ನು ಬಲ್ಲವರಿಗೆ ಅದರ ಮುಂದಿನಿಂದ ಕಾಲು ಕೀಳುವುದಿಲ್ಲ. ಪ್ರವೇಶಕ್ಕೆ ಕಾಸಿಲ್ಲ.

ಇನ್ನೂ ಹಳೆಯ ಪುಸ್ತಕಭಂಡಾರವೊಂದು ಪ್ರಧಾನ ಇಗರ್ಜಿಯ ಪಕ್ಕದಲ್ಲಿದೆ: ೧೬೫೩ರಲ್ಲಿ ಸ್ಥಾಪಿತವಾದ ಚೀತಮ್ಸ್ ಗ್ರಂಥಾಲಯ. ಇಂಗ್ಲಿಷ್ ಮಾತನಾಡುವ ಜಗತ್ತಿನ ಅತಿ ಪ್ರಾಚೀನ ಸಾರ್ವಜನಿಕ ಗ್ರಂಥಾಲಯ ಇದೆಂದು ಹೆಸರು. ಅದರ ಒಂದು ಕಿಟಕಿಯ ಬಳಿಯ ಮೇಜಿನಲ್ಲಿ ೧೮೪೫ರ ಬೇಸಗೆಯಲ್ಲಿ ಕಾರ್ಲ್ ಮಾರ್ಕ್ಸ್, ಫ್ರೆಡರಿಕ್ ಏಂಗೆಲ್ಸ್ ಇಬ್ಬರೂ ಕುಳಿತು ಓದುತ್ತಿದ್ದರು. ಏಂಗೆಲ್ಸನ ತಂದೆಗೆ ಮ್ಯಾಂಚೆಸ್ಟರಿನಲ್ಲಿ ನೂಲಿನ ಗಿರಣಿಯಲ್ಲಿ ಪಾಲಿತ್ತು. ಮಗ ಗಿರಣಿಯ ಲೆಕ್ಕ ಕಲಿಯಲು ಬಂದು, ಕೂಲಿಗಾರರ ಕೇರಿಗಳನ್ನು ಸುತ್ತಿ, ಅವರ ಬದುಕಿನ ಲೆಕ್ಕವನ್ನು ಬರೆದ. ಆ ಮೇಜನ್ನು ಈಗಲೂ ತೋರಿಸುತ್ತಾರೆ. ಆದರೆ ಇಲ್ಲಿಗೆ ಮೊದಲೇ ಹೇಳಿ ಗೊತ್ತಾದ ಹೊತ್ತಿಗೆ ಹೋಗಬೇಕು.

ಇಗರ್ಜಿಯ ಎದುರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ನಮ್ಮ ಗಾಂಧೀಜಿಯವರ ಒಂಬತ್ತಡಿಯ ಕಂಚಿನ ಪ್ರತಿಮೆ! ರಾಮ್ ಸುತಾರ್ ಅವರು ನಿರ್ಮಿಸಿದ ಅದನ್ನು ೨೦೧೯ರ ನವೆಂಬರಿನಲ್ಲಿ ಅಲ್ಲಿ ನಿಲ್ಲಿಸಿದರು. ವಿದೇಶೀ ಬಟ್ಟೆಯನ್ನು ಬಹಿಷ್ಕರಿಸಿದ ಮಹಾತ್ಮನಿಗೆ ಆ ಬಟ್ಟೆಯ ರಾಜಧಾನಿಯಲ್ಲಿ ಸ್ಥಳ! ಆದರೆ ೧೯೩೧ರ ಸಂಗತಿಯನ್ನು ಬಲ್ಲವರಿಗೆ ಇದು ಅಷ್ಟು ವಿಚಿತ್ರವಾಗಿ ಕಾಣುವುದಿಲ್ಲ. ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದ ಗಾಂಧೀಜಿ ಆ ವರ್ಷದ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರಿನ ಉತ್ತರಕ್ಕಿರುವ ಡಾರ್ವೆನ್ ಎಂಬ ಗಿರಣಿಯ ಊರಿಗೆ ಹೋದರು. ನಮ್ಮ ಬಹಿಷ್ಕಾರದಿಂದ ಕೂಲಿ ಕಳೆದುಕೊಂಡಿದ್ದ ಜನರೇ ಅವರನ್ನು ಮುತ್ತಿಕೊಂಡು ಜಯಕಾರ ಮಾಡಿದರು. ಗಿರಣಿಯ ಹೆಂಗಸರು ನಗುತ್ತ ಅವರ ಸುತ್ತ ನಿಂತಿರುವ ಚಿತ್ರವನ್ನು ತಾವು ನೋಡಿಯೇ ಇರುತ್ತೀರಿ. ಅವರ ಬಡತನವನ್ನು ಕಂಡು ಗಾಂಧೀಜಿ ಮರುಗಿದರು. ಆದರೆ ತಮ್ಮ ದೇಶದ ಹಸಿವಿನ ಮುಂದೆ ಅದು ಸಣ್ಣದೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು.

ಲಿಂಕನ್ ಚೌಕದಲ್ಲಿ ಅಬ್ರಹಾಂ ಲಿಂಕನ್ನನ ಪ್ರತಿಮೆಯಿದೆ. ಹತ್ತಿಯ ಕ್ಷಾಮದ ನಡುವೆ, ೧೮೬೨ರ ಡಿಸೆಂಬರ್ ೩೧ರಂದು, ಹಸಿದ ಮ್ಯಾಂಚೆಸ್ಟರಿನ ಕೂಲಿಕಾರರು ಸಭೆ ಸೇರಿ, ಗುಲಾಮರ ಬಿಡುಗಡೆಗಾಗಿ ಹೋರಾಡುವ ಉತ್ತರ ಅಮೆರಿಕದ ಪಕ್ಷವೇ ತಮ್ಮದೆಂದು ಲಿಂಕನ್ನನಿಗೆ ಬರೆದರು. ಗುಲಾಮರು ಬಿಡಿಸಿದ ಹತ್ತಿ ಬಂದರೆ ತಮ್ಮ ಹೊಟ್ಟೆ ತುಂಬುತ್ತಿತ್ತು ಎಂಬುದನ್ನು ಅವರು ಬಲ್ಲರು. ಮುಂದಿನ ತಿಂಗಳು ಲಿಂಕನ್ ಕೃತಜ್ಞತೆಯಿಂದ ಉತ್ತರ ಬರೆದ. ಅಲ್ಲಿನ ದೊಡ್ಡ ದೊಡ್ಡ ಕಟ್ಟಡಗಳಿಗಿಂತ ಈ ಒಂದು ಪ್ರತಿಮೆಯೇ ಆ ಊರಿಗೆ ಹೆಚ್ಚಿನ ಭೂಷಣವೆಂದು ನನ್ನ ಅಭಿಪ್ರಾಯ. ಹಾಗೆಯೇ ಸೇಂಟ್ ಪೀಟರ್ಸ್ ಮೈದಾನವಿದ್ದ ಕಡೆ ಒಂದು ವೃತ್ತಾಕಾರದ ಮೆಟ್ಟಲು ಸ್ಮಾರಕವಿದೆ. ೧೮೧೯ರ ಆಗಸ್ಟ್ ೧೬ರಂದು ಮತದಾನದ ಹಕ್ಕು ಕೇಳಲು ನೆರೆದ ಸುಮಾರು ಅರುವತ್ತು ಸಾವಿರ ಜನರ ಮೇಲೆ ಕುದುರೆಸವಾರರು ಕತ್ತಿ ಹಿರಿದು ನುಗ್ಗಿದರು. ಹದಿನೆಂಟು ಮಂದಿ ಸತ್ತರು, ಗಾಯಗೊಂಡವರು ನೂರಾರು. ನಾಲ್ಕು ವರ್ಷದ ಹಿಂದೆ ನಡೆದಿದ್ದ ವಾಟರ್‌ಲೂ ಯುದ್ಧವನ್ನು ಅಣಕಿಸಿ ಜನ ಇದಕ್ಕೆ "ಪೀಟರ್‌ಲೂ" ಎಂದು ಹೆಸರಿಟ್ಟರು. ನಗರದ ಪುರಭವನ ಬಹು ಸುಂದರವಾದ ಕಟ್ಟಡ, ೧೮೭೭ರದ್ದು. ಆದರೆ ಅದನ್ನು ಜೀರ್ಣೋದ್ಧಾರಕ್ಕಾಗಿ ೨೦೧೮ರಲ್ಲಿ ಮುಚ್ಚಿದರು. ಒಳಗೆ ಹೋಗುವ ಆಸೆಯಿದ್ದರೆ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ.

ಎರಡನೆಯ ದಿನವನ್ನು ಸ್ಟೈಲ್ ಗ್ರಾಮದ ಕ್ವಾರಿ ಬ್ಯಾಂಕ್ ಗಿರಣಿಗೆ ಮೀಸಲಿಡಿ. ಇದು ವಿಮಾನ ನಿಲ್ದಾಣಕ್ಕೆ ಹತ್ತಿರ. ೧೭೮೪ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಎಂಬಾತ ಹೊಳೆಯ ನೀರಿನಿಂದ ತಿರುಗುವ ಗಾಲಿಯ ಬಲದಲ್ಲಿ ನಡೆಸಿದ ನೂಲಿನ ಗಿರಣಿ. ಮಗ್ಗಗಳನ್ನು ಈಗಲೂ ನಡೆಸಿ ತೋರಿಸುತ್ತಾರೆ. ಕೆಲವೇ ಮಗ್ಗ ಹೊಡೆಯುವಾಗಲೇ ಕಿವಿ ಗಡಚಿಕ್ಕುತ್ತದೆ. ನೂರಾರು ಮಗ್ಗಗಳ ನಡುವೆ ದಿನಕ್ಕೆ ಹನ್ನೆರಡು ಗಂಟೆ ನಿಂತವರ ಗತಿಯೇನು? ಮಾತು ಕೇಳಿಸದೆ ಅವರು ತುಟಿಗಳನ್ನು ಅಗಲವಾಗಿ ಆಡಿಸಿ, ಶಬ್ದವಿಲ್ಲದೆ ಮಾತಾಡುವ ಒಂದು ಭಾಷೆಯನ್ನೇ ಕಂಡುಕೊಂಡಿದ್ದರು. ಪಕ್ಕದಲ್ಲಿ ಅನಾಥ ಮಕ್ಕಳನ್ನು ಇರಿಸಿಕೊಳ್ಳುತ್ತಿದ್ದ ಮನೆಯಿದೆ. ಒಂಬತ್ತು ಹತ್ತು ವರ್ಷದ ಮಕ್ಕಳು ಯಂತ್ರದಡಿ ತೆವಳಿ ಉದುರಿದ ಅರಳೆಯನ್ನು ಆಯುತ್ತಿದ್ದರು. ಊಟ ವಸತಿಗಳೇ ಅವರ ಕೂಲಿ. ಮೊಮ್ಮಕ್ಕಳನ್ನು ಕರೆದುಕೊಂಡು ಹೋದರೆ ಇದನ್ನು ತಪ್ಪದೆ ತೋರಿಸಿ. ಶಾಲೆಯ ಮೇಲಿನ ಮುನಿಸು ಸ್ವಲ್ಪ ಇಳಿಯಬಹುದು.

ಈ ಪತ್ರಿಕೆಯ ಓದುಗರಿಗೆ ರೇಡಿಯೋ ವಿಷಯದಲ್ಲಿ ಆಸಕ್ತಿಯಿರುವುದು ಸಹಜ. ೧೯೨೨ರ ನವೆಂಬರಿನಲ್ಲಿ ಬಿ.ಬಿ.ಸಿ. ಪ್ರಸಾರವನ್ನು ಆರಂಭಿಸಿದಾಗ, ಲಂಡನ್ನಿನ ಮರುದಿನವೇ ಮ್ಯಾಂಚೆಸ್ಟರಿನ ಕೇಂದ್ರವೂ ದನಿಗೂಡಿಸಿತು. ೨೦೧೧ರಿಂದ ಆ ಸಂಸ್ಥೆಯ ಹಲವು ವಿಭಾಗಗಳು ಪಕ್ಕದ ಸಾಲ್ಫರ್ಡಿನ ಹಳೆಯ ಹಡಗುಕಟ್ಟೆಯ ದಡಕ್ಕೆ ಬಂದು ನೆಲೆಸಿವೆ. ಊರಿನಿಂದ ದಕ್ಷಿಣಕ್ಕೆ ಸುಮಾರು ಇಪ್ಪತ್ತು ಮೈಲಿಯಲ್ಲಿ ಜಾಡ್ರೆಲ್ ಬ್ಯಾಂಕ್ ಎಂಬಲ್ಲಿ ೭೬ ಮೀಟರ್ ಅಗಲದ ಬಾಣಲೆಯಂಥ ದೂರದರ್ಶಕವಿದೆ. ಇದು ಕಣ್ಣಿನಿಂದ ನೋಡುವುದಲ್ಲ, ಆಕಾಶದ ರೇಡಿಯೋ ಅಲೆಗಳನ್ನು ಕೇಳಿಸಿಕೊಳ್ಳುವುದು. ೧೯೫೭ರಲ್ಲಿ ಇದು ಸಿದ್ಧವಾದ ಕೆಲವೇ ದಿನಗಳಲ್ಲಿ ರಷ್ಯನರು ಸ್ಪುಟ್ನಿಕ್ ಹಾರಿಸಿದರು. ಅದನ್ನು ಹೊತ್ತೊಯ್ದ ರಾಕೆಟ್ಟಿನ ಜಾಡನ್ನು ಹಿಡಿದು ಈ ಯಂತ್ರ ಹೆಸರು ಗಳಿಸಿತು. ೨೦೧೯ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಾಲ್ಕೇ ದಿನದಲ್ಲಿ ಇದನ್ನೂ ತುರುಕುವುದು ಕಷ್ಟ. ಐದನೆಯ ದಿನವಿದ್ದವರು ಹೋಗಬಹುದು.

ಊಟದ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಶಾಕಾಹಾರಿಗಳಿಗೆ ಮ್ಯಾಂಚೆಸ್ಟರಿನ ಕಡೆ ಹಳೆಯ ಬಂಧುಗಳಿದ್ದಾರೆ. ಸಾಲ್ಫರ್ಡಿನ ಪಾದ್ರಿಯೊಬ್ಬ ೧೮೦೯ರಲ್ಲಿಯೇ ತನ್ನ ಶಿಷ್ಯರಿಗೆ ಮಾಂಸ ಬಿಡುವಂತೆ ಉಪದೇಶ ಮಾಡಿದ. ೧೮೪೭ರಲ್ಲಿ ಆ ದೇಶದ ಶಾಕಾಹಾರಿ ಸಂಘ ಹುಟ್ಟಿದಾಗ ಅವನ ಪಂಥದವರೇ ಮುಂದಾಳುಗಳಲ್ಲಿದ್ದರು. ಆತನ ಹೆಸರು ವಿಲಿಯಂ ಕೌಹರ್ಡ್. ಕೌಹರ್ಡ್ ಎಂದರೆ ಗೋಪಾಲ! ಅನ್ವರ್ಥನಾಮವೆಂದರೆ ಇದಲ್ಲವೇ? ಈಗ ಎಲ್ಲ ಹೋಟೆಲಿನ ಪಟ್ಟಿಗಳಲ್ಲಿಯೂ ಸಸ್ಯಾಹಾರಕ್ಕೆ ಗುರುತು ಹಾಕಿರುತ್ತಾರೆ; ರಷೋಮ್ ಎಂಬ ಬಡಾವಣೆಯಲ್ಲಿ ಇಂಡಿಯ ಪಾಕಿಸ್ತಾನಗಳ ಅಡುಗೆಯ ಹೋಟೆಲುಗಳ ಸಾಲೇ ಇದೆ. ಆದರೆ ಒಂದು ಎಚ್ಚರಿಕೆ. ಉತ್ತರದಲ್ಲಿ, ಮುಖ್ಯವಾಗಿ ಯಾರ್ಕ್‌ಷೈರಿನಲ್ಲಿ, ಆಲೂಗಡ್ಡೆಯ ಹೋಳುಗಳನ್ನು ದನದ ಕೊಬ್ಬಿನಲ್ಲಿ ಕರಿಯುವ ಪದ್ಧತಿ ಇನ್ನೂ ಉಂಟು. ಬರಿಯ ಆಲೂಗಡ್ಡೆಯಲ್ಲವೇ ಎಂದು ನಂಬಿ ತಿನ್ನಬೇಡಿ. ಯಾವ ಎಣ್ಣೆಯೆಂದು ಕೇಳಿ. ಕೇಳಿದರೆ ಬೇಸರಿಸದೆ ಹೇಳುತ್ತಾರೆ.

ಮ್ಯಾಂಚೆಸ್ಟರಿನಿಂದ ಲಿವರ್‌ಪೂಲಿಗೆ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ಈ ರೈಲುದಾರಿಯೇ ಒಂದು ತೀರ್ಥ. ಊರಿನಿಂದ ಊರಿಗೆ ಕೇವಲ ಉಗಿಯ ಬಲದಿಂದ, ವೇಳಾಪಟ್ಟಿ ಹಿಡಿದು, ಟಿಕೆಟು ಕೊಟ್ಟು ಜನರನ್ನು ಸಾಗಿಸಿದ ಮೊದಲನೆಯ ರೈಲುದಾರಿ ಇದು. ೧೮೩೦ರ ಸೆಪ್ಟೆಂಬರ್ ೧೫ರಂದು ತೆರೆಯಿತು. ಆ ದಿನವೇ ಹಸ್ಕಿಸನ್ ಎಂಬ ರಾಜಕಾರಣಿ ನಡುದಾರಿಯಲ್ಲಿ ಬಂಡಿಯಿಂದಿಳಿದು ಹಳಿಯ ಮೇಲೆ ನಿಂತಿದ್ದಾಗ ಸ್ಟೀಫನ್‌ಸನ್ನನ "ರಾಕೆಟ್" ಬಂದು ಬಡಿದು ಸತ್ತ. ಅಷ್ಟು ವೇಗದಲ್ಲಿ ಬರುವ ವಸ್ತುವನ್ನು ಜನ ಅದುವರೆಗೆ ಕಂಡಿರಲಿಲ್ಲವಷ್ಟೆ. ಮ್ಯಾಂಚೆಸ್ಟರಿನ ತುದಿಯ ಅಂದಿನ ನಿಲ್ದಾಣ ಈಗ ವಿಜ್ಞಾನ ಮತ್ತು ಉದ್ಯಮಗಳ ವಸ್ತುಸಂಗ್ರಹಾಲಯದ ಭಾಗವಾಗಿದೆ.

ಲಿವರ್‌ಪೂಲ್ ನದಿಯ ಊರು, ಗಾಳಿಯ ಊರು. ಮರ್ಸಿ ನದಿಯ ದಡದಲ್ಲಿ ಮೂರು ಭವ್ಯ ಕಟ್ಟಡಗಳು ಸಾಲಾಗಿ ನಿಂತಿವೆ. ೧೯೧೧ರ ಲಿವರ್ ಕಟ್ಟಡದ ಎರಡು ಗೋಪುರಗಳ ತುದಿಯಲ್ಲಿ ಎರಡು ಹಕ್ಕಿಗಳು. ಒಂದು ಸಮುದ್ರವನ್ನೂ ಒಂದು ಊರನ್ನೂ ನೋಡುತ್ತದೆ. ಅವು ಹಾರಿಹೋದರೆ ಊರು ಮುಳುಗುತ್ತದೆಂದು ಅಲ್ಲಿಯವರ ನಂಬಿಕೆ. ಅದಕ್ಕೇ ಇರಬೇಕು, ಬಲವಾಗಿ ಕಟ್ಟಿಹಾಕಿದ್ದಾರೆ. ದಡದುದ್ದಕ್ಕೂ ನಡೆದರೆ ೧೮೪೬ರ ಆಲ್ಬರ್ಟ್ ಹಡಗುಕಟ್ಟೆ. ಹತ್ತಿ, ರೇಷ್ಮೆ, ಚಹ, ಸಕ್ಕರೆ, ಹೊಗೆಸೊಪ್ಪುಗಳಿಗೆ ಬೆಂಕಿ ತಗುಲಬಾರದೆಂದು ಮರದ ತೊಲೆಗಳನ್ನು ಬಿಟ್ಟು ಬರಿಯ ಇಟ್ಟಿಗೆ, ಕಲ್ಲು, ಎರಕದ ಕಬ್ಬಿಣಗಳಿಂದ ಕಟ್ಟಿದ ಉಗ್ರಾಣಗಳು. ಈಗ ಅಂಗಡಿ, ಹೋಟೆಲು, ವಸ್ತುಸಂಗ್ರಹಾಲಯಗಳಾಗಿವೆ.

ಈ ಸೊಬಗಿನ ಅಡಿಯಲ್ಲಿ ಏನಿದೆಯೆಂದು ತಿಳಿದಿರಬೇಕು. ೧೮೦೭ರಲ್ಲಿ ಕಾನೂನು ತಡೆಯುವವರೆಗೆ ಲಿವರ್‌ಪೂಲಿನ ಹಡಗುಗಳು ಹತ್ತು ಲಕ್ಷಕ್ಕೂ ಮಿಕ್ಕ ಆಫ್ರಿಕದ ಜನರನ್ನು ಸಂಕೋಲೆಯಲ್ಲಿ ಅಟ್ಲಾಂಟಿಕ್ ದಾಟಿಸಿದವು. ಊರಿನ ಹಳೆಯ ಸಿರಿವಂತರ ಹೆಸರು ಹೊತ್ತ ಬೀದಿಗಳಲ್ಲಿ ಕೆಲವು ಈ ವ್ಯಾಪಾರದವರವೇ. ಊರು ಇದನ್ನು ಬಚ್ಚಿಡಲಿಲ್ಲ. ೨೦೦೭ರಲ್ಲಿ ಅಂತರರಾಷ್ಟ್ರೀಯ ಗುಲಾಮಗಿರಿ ವಸ್ತುಸಂಗ್ರಹಾಲಯವನ್ನು ಅದೇ ಹಡಗುಕಟ್ಟೆಯಲ್ಲಿ ತೆರೆಯಿತು. ೨೦೨೫ರ ಆರಂಭದಲ್ಲಿ ಅದನ್ನು ದೊಡ್ಡ ನವೀಕರಣಕ್ಕಾಗಿ ಮುಚ್ಚಿದರು. ಹೋಗುವ ಮುನ್ನ ವಿಚಾರಿಸಿ. ನದಿಯ ಮೇಲೆ ದೋಣಿಯಲ್ಲಿ ಒಂದು ಸುತ್ತು ಹೋಗಿ ಬಂದರೆ ಊರಿನ ಮುಖವೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ದಡದ ಈ ಭಾಗ ೨೦೦೪ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತ್ತು. ಹೊಸ ಹೊಸ ಕಟ್ಟಡಗಳು ಎದ್ದು ಹಳೆಯ ರೂಪ ಕೆಟ್ಟಿತೆಂದು ೨೦೨೧ರಲ್ಲಿ ಅದನ್ನು ಪಟ್ಟಿಯಿಂದ ತೆಗೆದುಬಿಟ್ಟರು. ಪುರಾತನ ಕಟ್ಟಡಗಳಿರುವ ಊರಿನವರೆಲ್ಲ ಗಮನಿಸತಕ್ಕ ಸಂಗತಿ.

ಬೆಟ್ಟದ ಮೇಲೆ ಎರಡು ಮಹಾ ಇಗರ್ಜಿಗಳಿವೆ. ಒಂದರಿಂದ ಒಂದಕ್ಕೆ ಹೋಪ್ ಬೀದಿ, ಅಂದರೆ ಆಶೆಯ ಬೀದಿ. ಆಂಗ್ಲಿಕನ್ ಇಗರ್ಜಿಯ ನಕ್ಷೆಗೆ ಸ್ಪರ್ಧೆ ನಡೆದಾಗ ಗೆದ್ದ ಗೈಲ್ಸ್ ಗಿಲ್ಬರ್ಟ್ ಸ್ಕಾಟನಿಗೆ ಇಪ್ಪತ್ತೆರಡು ವರ್ಷ; ಅವನೋ ಕ್ಯಾಥೊಲಿಕ್ ಮತದವನು! ೧೯೦೪ರಲ್ಲಿ ಅಡಿಗಲ್ಲು ಬಿತ್ತು, ೧೯೬೦ರಲ್ಲಿ ಅವನು ತೀರಿಕೊಂಡಾಗಲೂ ಕೆಲಸ ಮುಗಿದಿರಲಿಲ್ಲ, ೧೯೭೮ರಲ್ಲಿ ಮುಗಿಯಿತು. ಆ ದೇಶದ ಪ್ರಸಿದ್ಧವಾದ ಕೆಂಪು ಟೆಲಿಫೋನ್ ಗೂಡನ್ನು ರೂಪಿಸಿದವನೂ ಇವನೇ. ಅತ್ಯಂತ ದೊಡ್ಡದನ್ನೂ ಅತ್ಯಂತ ಚಿಕ್ಕದನ್ನೂ ಒಂದೇ ಕೈ ಮಾಡಿತು. ಬೀಟಲ್ಸ್ ಗಾಯಕರ ವಿಷಯವನ್ನು ಮಕ್ಕಳು ತಮಗೆ ಹೇಳುತ್ತಾರೆ. ಮ್ಯಾಥ್ಯೂ ಬೀದಿಯ ಕ್ಯಾವರ್ನ್ ಎಂಬ ನೆಲಮಾಳಿಗೆಯಲ್ಲಿ ಅವರು ಹಾಡುತ್ತಿದ್ದರು. ಈಗಿರುವುದು ಹಳೆಯದರ ಇಟ್ಟಿಗೆಗಳನ್ನು ಬಳಸಿ ೧೯೮೪ರಲ್ಲಿ ಮತ್ತೆ ಕಟ್ಟಿದ್ದು. ೧೯೬೮ರಲ್ಲಿ ಹೃಷೀಕೇಶಕ್ಕೆ ಬಂದು ಧ್ಯಾನ ಕಲಿತವರಲ್ಲವೇ ಎಂದು ಒಮ್ಮೆ ಇಣುಕಿ ಬನ್ನಿ. ಗದ್ದಲ ಬಹಳ.

ಇನ್ನು ಯಾರ್ಕ್. ಮ್ಯಾಂಚೆಸ್ಟರಿನಿಂದ ಪೆನೈನ್ ಬೆಟ್ಟಗಳನ್ನು ದಾಟಿ ಸುಮಾರು ಒಂದೂವರೆ ಗಂಟೆ. ಭಾಷೆಯ ಮೇಲೆ ಪ್ರೀತಿಯಿರುವವರಿಗೆ ಈ ಊರು ಕಲ್ಲುಸಕ್ಕರೆ. ಹೆಸರನ್ನೇ ನೋಡಿ. ಕ್ರಿ.ಶ. ೭೧ರಲ್ಲಿ ರೋಮನರು ಇಲ್ಲಿ ಪಾಳೆಯ ಹೂಡಿ "ಎಬೊರಾಕುಂ" ಎಂದರು. ಅವರು ಹೋದ ಮೇಲೆ ಬಂದ ಆಂಗ್ಲರ ಕಿವಿಗೆ ಆ ಶಬ್ದ ಅರ್ಥವಾಗಲಿಲ್ಲ. ತಮ್ಮ ಮಾತಿನಲ್ಲಿ ಕಾಡುಹಂದಿಗೆ "ಎಯೊಫೋರ್" ಎನ್ನುತ್ತಿದ್ದುದರಿಂದ "ಎಯೊಫೋರ್‌ವಿಕ್", ಹಂದಿಯ ಊರು, ಎಂದು ತಿದ್ದಿಕೊಂಡರು. ೮೬೬ರಲ್ಲಿ ದಂಡೆತ್ತಿ ಬಂದ ವೈಕಿಂಗರ ಬಾಯಲ್ಲಿ ಅದು "ಯೋರ್ವಿಕ್" ಆಯಿತು. ಸವೆದು ಸವೆದು "ಯಾರ್ಕ್" ಆಯಿತು. ಮ್ಯಾಂಚೆಸ್ಟರಿನ "ಚೆಸ್ಟರ್" ಕೂಡ ಪಾಳೆಯವೆಂಬ ಅರ್ಥದ ಲ್ಯಾಟಿನ್ "ಕಾಸ್ತ್ರ"ದ ತದ್ಭವವೇ. ಸಂಸ್ಕೃತದ ಪದಗಳು ನಮ್ಮ ಬಾಯಲ್ಲಿ ತದ್ಭವವಾಗುವುದನ್ನು ಕೇಶಿರಾಜನಿಂದ ಕಲಿತ ನಮಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ.

ಯಾರ್ಕಿನ ಬೀದಿಗಳ ಹೆಸರೆಲ್ಲ "ಗೇಟ್" ಎಂದು ಮುಗಿಯುತ್ತವೆ: ಸ್ಟೋನ್‌ಗೇಟ್, ಮಿಕಲ್‌ಗೇಟ್, ಕಾಪರ್‌ಗೇಟ್. ಬಾಗಿಲನ್ನು ಹುಡುಕಿದರೆ ಬಾಗಿಲಿಲ್ಲ! ಇದು ಇಂಗ್ಲಿಷಿನ "ಗೇಟ್" ಅಲ್ಲ. ಬೀದಿ ಎಂಬರ್ಥದ ವೈಕಿಂಗರ "ಗಾತ". ಮಿಕಲ್‌ಗೇಟ್ ಎಂದರೆ ದೊಡ್ಡ ಬೀದಿ. ಕಾಪರ್‌ಗೇಟಿಗೂ ತಾಮ್ರಕ್ಕೂ ಸಂಬಂಧವಿಲ್ಲ, ಅದು ಮರದ ಬಟ್ಟಲು ಕಡೆಯುವವರ ಬೀದಿ. ಬೆಂಗಳೂರಿನ ಕುಂಬಾರಪೇಟೆ, ಬಳೇಪೇಟೆಗಳಂತೆ ಕಸುಬಿನಿಂದ ಬಂದ ಹೆಸರು. ಹಾಗಾದರೆ ನಿಜವಾದ ಕೋಟೆಬಾಗಿಲಿಗೆ ಏನೆನ್ನುತ್ತಾರೆ? "ಬಾರ್" ಎನ್ನುತ್ತಾರೆ. ಬಾಯಾರಿದವರು ಹುಡುಕಿಕೊಂಡು ಹೋಗುವ ಬಾರಿಗೆ ಮಾತ್ರ "ಪಬ್" ಎನ್ನುತ್ತಾರೆ. ಊರಿನವರೇ ಇದನ್ನು ಹೇಳಿ ನಗುತ್ತಾರೆ.

ಬೆಳಗ್ಗೆಯೇ ಕೋಟೆಯ ಗೋಡೆಯ ಮೇಲೆ ನಡೆಯಿರಿ. ಎರಡು ಮೈಲಿಗೂ ಸ್ವಲ್ಪ ಹೆಚ್ಚು. ಪೂರ್ತಿ ಸುತ್ತಬೇಕಾಗಿಲ್ಲ, ಬೂಥಮ್ ಬಾರಿನಿಂದ ಮಂಕ್ ಬಾರಿನವರೆಗಿನ ತುಂಡೊಂದೇ ಸಾಕು, ಇಗರ್ಜಿಯ ಬೆನ್ನು, ಅದರ ತೋಟ ಎಲ್ಲ ಕಾಣುತ್ತವೆ. ಮೆಟ್ಟಲು ಕಡಿದು, ಕೆಲವು ಕಡೆ ಒಂದು ಪಕ್ಕಕ್ಕೆ ಕಟಕಟೆಯಿಲ್ಲ. ಮಂಜುಗಡ್ಡೆ ಕಟ್ಟಿದ ದಿನ ಮುಚ್ಚಿರುತ್ತಾರೆ.

ಯಾರ್ಕ್ ಮಿನ್‌ಸ್ಟರ್ ಎಂಬ ಮಹಾ ಇಗರ್ಜಿಯನ್ನು ೧೨೨೦ರ ಹೊತ್ತಿಗೆ ಕಟ್ಟಲಾರಂಭಿಸಿ ೧೪೭೨ರಲ್ಲಿ ಮುಗಿಸಿದರು. ಏಳೆಂಟು ತಲೆಮಾರಿನ ಶಿಲ್ಪಿಗಳು ತಾವು ಕಾಣದ ಮುಕ್ತಾಯಕ್ಕಾಗಿ ಕಲ್ಲು ಕಡೆದರು. ಪೂರ್ವದ ಗೋಡೆಯ ಬಣ್ಣಗಾಜಿನ ಕಿಟಕಿ ಒಂದು ಟೆನ್ನಿಸ್ ಅಂಗಳದಷ್ಟಿದೆ. ಜಾನ್ ಥಾರ್ನ್‌ಟನ್ ಎಂಬ ಕಸುಬಿನವನು ಅದನ್ನು ೧೪೦೫ರಿಂದ ೧೪೦೮ರವರೆಗೆ ಮೂರು ವರ್ಷದಲ್ಲಿ ಮಾಡಿದ. ವಾರಕ್ಕೆ ನಾಲ್ಕು ಷಿಲಿಂಗ್, ವರ್ಷಕ್ಕೆ ಐದು ಪೌಂಡ್, ಮುಗಿಸಿದಾಗ ಹತ್ತು ಪೌಂಡ್ - ಇದು ಅವನೊಡನೆ ಮಾಡಿಕೊಂಡ ಕರಾರು. ಒಟ್ಟು ಐವತ್ತಾರು ಪೌಂಡು. ಅದೇ ಕಿಟಕಿಯ ಗಾಜುಗಳನ್ನು ಬಿಚ್ಚಿ ತೊಳೆದು ಕೂಡಿಸುವ ಕೆಲಸ ನಮ್ಮ ಕಾಲದಲ್ಲಿ ೨೦೧೮ರಲ್ಲಿ ಮುಗಿದಾಗ, ಹಿಡಿದ ಸಮಯ ಹತ್ತು ವರ್ಷಕ್ಕೂ ಹೆಚ್ಚು! ಮೇಲೆ ಜಗತ್ತಿನ ಸೃಷ್ಟಿ, ಕೆಳಗೆ ಪ್ರಳಯ. ನಡುವೆ ನಿಲ್ಲುವವರು ನಾವು. ಒಂದು ಸಣ್ಣ ದೂರದರ್ಶಕವಿದ್ದರೆ ಜೇಬಿನಲ್ಲಿಟ್ಟುಕೊಂಡು ಹೋಗಿ. ಬರಿಗಣ್ಣಿಗೆ ಅರ್ಧವೂ ಕಾಣುವುದಿಲ್ಲ. ೧೯೮೪ರ ಜುಲೈ ೯ರ ರಾತ್ರಿ ಬೆಂಕಿ ಬಿದ್ದು ದಕ್ಷಿಣ ಭಾಗದ ಛಾವಣಿ ಕುಸಿಯಿತು; ಸಿಡಿಲು ಕಾರಣವೆಂದು ಎಣಿಸಿದ್ದಾರೆ. ಒಳಗೆ ಹೋಗಲು ಶುಲ್ಕವುಂಟು, ಕಡಿಮೆಯೇನಲ್ಲ.  ಸಂಜೆಯ ಪ್ರಾರ್ಥನೆಗೆ ಮಾತ್ರ ಶುಲ್ಕವಿಲ್ಲ. ಗಾಯನಮೇಳ ಹಾಡುವ ದಿನ ಹೋಗಿ ಮೌನವಾಗಿ ಕುಳಿತರೆ, ಆ ಎತ್ತರದ ಕಮಾನುಗಳಲ್ಲಿ ನಾದ ತಂಗಿ ಮೆಲ್ಲನೆ ಕರಗುವುದನ್ನು ಕೇಳಬಹುದು. ಇದನ್ನು ರೇಡಿಯೋ ತಂದುಕೊಡಲಾರದು.

ಷ್ಯಾಂಬಲ್ಸ್ ಎಂಬ ಓಣಿಯಲ್ಲಿ ಎದುರುಬದುರು ಮನೆಗಳ ಮಾಳಿಗೆಗಳು ಒಂದನ್ನೊಂದು ಮುಟ್ಟುವಂತೆ ಬಾಗಿವೆ. ಅದು ಕಟುಕರ ಬೀದಿಯಾಗಿತ್ತು. ಮಾಂಸ ತೂಗುಹಾಕುವ ಕೊಕ್ಕೆಗಳು ಕೆಲವು ಅಂಗಡಿಗಳ ಮುಂದೆ ಈಗಲೂ ಇವೆ. ಕ್ಲಿಫರ್ಡ್ಸ್ ಗೋಪುರದ ದಿಬ್ಬ ನೋಡಲು ಚೆಂದ. ಆದರೆ ೧೧೯೦ರಲ್ಲಿ ಯಹೂದ್ಯರ ಮೇಲೆ ಜನ ತಿರುಗಿಬಿದ್ದಾಗ, ಆಶ್ರಯ ಬೇಡಿ ಅಲ್ಲಿನ ಮರದ ಗೋಪುರವನ್ನು ಹೊಕ್ಕ ಸುಮಾರು ನೂರೈವತ್ತು ಮಂದಿ ಜೀವ ಕಳೆದುಕೊಂಡರೆಂಬುದನ್ನು ತಿಳಿದು ಹತ್ತಿ. ರೈಲು ವಸ್ತುಸಂಗ್ರಹಾಲಯ ನಿಲ್ದಾಣದ ಪಕ್ಕದಲ್ಲೇ ಇದೆ, ಪ್ರವೇಶ ಉಚಿತ. ೧೯೩೮ರಲ್ಲಿ ಗಂಟೆಗೆ ೧೨೬ ಮೈಲಿ ಓಡಿ ಉಗಿಬಂಡಿಗಳಲ್ಲೆಲ್ಲ ವೇಗದ ದಾಖಲೆ ಸ್ಥಾಪಿಸಿದ "ಮ್ಯಾಲರ್ಡ್" ಎಂಬ ನೀಲಿ ಯಂತ್ರ ಅಲ್ಲಿಯದು. ಮೊಮ್ಮಕ್ಕಳಿಗೆ ಇನ್ನೊಂದು ಸಮಾಚಾರ: ಕಿಟ್‌ಕ್ಯಾಟ್ ಮಿಠಾಯಿ ೧೯೩೫ರಲ್ಲಿ ಹುಟ್ಟಿದ್ದು ಈ ಊರಿನ ರೌನ್‌ಟ್ರೀ ಕಾರ್ಖಾನೆಯಲ್ಲಿ.

ಯಾವ ಕಾಲದಲ್ಲಿ ಹೋಗಬೇಕು? ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ. ಜೂನಿನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲೆ. ಮ್ಯಾಂಚೆಸ್ಟರಿನ ಮಳೆಯನ್ನು ಕುರಿತು ಎಲ್ಲರೂ ಹೆದರಿಸುತ್ತಾರೆ. ಅಳತೆಯಲ್ಲಿ ಅದು ಬೆಂಗಳೂರಿನ ವರ್ಷದ ಮಳೆಗಿಂತ ಕಡಿಮೆಯೇ. ಆದರೆ ಬೆಂಗಳೂರಿನಂತೆ ಸುರಿದು ಹೋಗುವುದಿಲ್ಲ, ವರ್ಷವೆಲ್ಲ ತುಂತುರಿಡುತ್ತಲೇ ಇರುತ್ತದೆ. ಗಾಳಿಗೆ ಛತ್ರಿ ಮಗುಚುತ್ತದೆ. ತಲೆ ಮುಚ್ಚುವ ಮಳೆಯಂಗಿಯೇ ವಾಸಿ. ಹೆಂಗಸರು ಸೀರೆಯ ಜೊತೆಗೆ ಚಪ್ಪಲಿ ಹಾಕದೆ ಜಾರದ ಬೂಟು ಹಾಕಿಕೊಳ್ಳುವುದು ಒಳ್ಳೆಯದು. ಯಾರ್ಕಿನ ಓಣಿಗಳೆಲ್ಲ ಉರುಟು ಕಲ್ಲಿನವು.

ಯಾರ್ಕಿನಿಂದ ಲಂಡನ್ನಿಗೆ ರೈಲಿನಲ್ಲಿ ಎರಡು ಗಂಟೆ. ಇನ್ನೂ ಅರ್ಧ ದಿನ ಉಳಿದಿದ್ದರೆ ಒಡನೆಯೇ ದಕ್ಷಿಣಕ್ಕೆ ತಿರುಗಬೇಡಿ; ಉತ್ತರಕ್ಕೆ ಮುಕ್ಕಾಲು ಗಂಟೆ ಹೋದರೆ ಡರ್ಹಮ್. ೧೦೯೩ರಲ್ಲಿ ಆರಂಭಿಸಿದ ಅಲ್ಲಿನ ಇಗರ್ಜಿ ನದಿ ಬಳಸಿದ ಬಂಡೆಯ ಮೇಲೆ ಕೋಟೆಯ ಜೊತೆಗೆ ನಿಂತಿದೆ. ರೈಲು ಡರ್ಹಮ್ ಸೇರುವ ಮುನ್ನ ಎತ್ತರದ ಸೇತುವೆಯೊಂದನ್ನು ದಾಟುತ್ತದೆ. ಯಾರ್ಕಿನಿಂದ ಹೋಗುವಾಗ ಬಲಗಡೆಯ ಕಿಟಕಿಯ ಬಳಿ ಕುಳಿತಿರಿ.